ಮುಟ್ಟದೆ ಕೊಟ್ಟ ಖೋ

ಕಾಡಸಿದ್ದನ ತೋಟದ ಮನೆ, ಬೇಡಕಿಹಾಳ
ರವಿವಾರ, ೨೮ ಜುಲೈ ೨೦೨೪

ಪ್ರೀತಿಯ ನೀಲೂ,

ನಿನ್ನ ಕೆಮ್ಮು ಹೇಗಿದೆ? ಹೋದ ವಾರ ಫೋನಿನಲ್ಲಿ ಮಾತಿಗೊಮ್ಮೆ ಕೆಮ್ಮುತ್ತಿದ್ದೆ, ಕೇಳಿದರೆ ಆಫೀಸಿನ ಏಸಿ ಎಂದು ಹಾರಿಸಿಬಿಟ್ಟೆ. ನಿಮ್ಮಮ್ಮ ಕಟ್ಟಿಕೊಟ್ಟ ಜೇಷ್ಠಮಧುವಿನ ಡಬ್ಬಿಯ ಮುಚ್ಚಳವನ್ನೇ ನೀನು ತೆಗೆದಿರಲಿಕ್ಕಿಲ್ಲ, ನನಗೆ ಗೊತ್ತು. ತೆಗೆ, ಜೇನುತುಪ್ಪದಲ್ಲಿ ಕಲಸಿ ನೆಕ್ಕು. ನಾನು ಕ್ಷೇಮ. ಇದನ್ನೇ ಮೊದಲು ಬರೆಯಬೇಕಿತ್ತು. ಇಲ್ಲಿ ಬುಧವಾರದಿಂದ ಕರೆಂಟಿಲ್ಲ, ಗುರುವಾರ ನನ್ನ ಫೋನು ಸತ್ತಿತು. ನೀನೂ ನಿಮ್ಮಮ್ಮನೂ ಎಷ್ಟು ಸಲ ಫೋನು ಹಚ್ಚಿರಬಹುದು ಎಂದು ನೆನೆದರೆ ಜೀವಕ್ಕೆ ಸಮಾಧಾನವಿಲ್ಲ. ಮೊಣಕಾಲು ಈ ಹಸಿಗೆ ಹಿಡಿದುಕೊಂಡಿದೆ, ಅದು ಬಿಟ್ಟರೆ ಹೊತ್ತುಹೊತ್ತಿಗೆ ರೊಟ್ಟಿ, ಪಲ್ಯೆ, ಎಮ್ಮೆಯ ಹಾಲಿನ ಚಹಾ, ಎಲ್ಲ ಸಿಗುತ್ತಿದೆ. ಈ ಹಾಳೆಗಳನ್ನು ನೋಡಿ ನಗಬೇಡ. ಕಾಡಸಿದ್ದನ ಹೆಂಡತಿ ಶೇವಂತಾ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ, ಮಕ್ಕಳು ಬಣ್ಣ ಬಳಿದು ಬಿಟ್ಟ ಪುಸ್ತಕದಿಂದ ಹರಿದುಕೊಟ್ಟಿದ್ದಾಳೆ. ತಿರುವಿ ನೋಡಿದರೆ ಒಂದರ ಹಿಂದೆ ಆನೆ ಇದೆ, ಒಂದರ ಹಿಂದೆ ಮಾವಿನಹಣ್ಣು. ನಾನು ಬರೆಯಬೇಕಾಗಿರುವುದಕ್ಕೆ ಆನೆಯ ಬೆನ್ನು ಒಳ್ಳೆಯದೇ.

ನೀನು ಕೇಳಿದ ಫೋಟೋಕ್ಕಾಗಿ ಬಂದು ಇಲ್ಲಿ ಸಿಕ್ಕಿಬಿದ್ದೆ. ಆಗಸ್ಟ್ ಮೂರರಂದು ಪುಣೆಯಲ್ಲಿ ನಿಮ್ಮ ಕಂಪನಿಯ ಇನ್ನೂರು ಸಾಹೇಬರ ಮುಂದೆ ನಾನು ಮಾತಾಡುವಾಗ ಹಿಂದಿನ ಪರದೆಯ ಮೇಲೆ ಕಾಡಸಿದ್ದನ ಫೋಟೋ ಬರಬೇಕು ಅಂದಿದ್ದೆಯಲ್ಲ. ನನ್ನ ಹತ್ತಿರ ಇದ್ದದ್ದು ಖೋಖೋ ತಂಡದ ಒಂದು ಮಬ್ಬು ಫೋಟೋ, ಅದರಲ್ಲಿ ಅವನು ಕಣ್ಣು ಮುಚ್ಚಿಕೊಂಡಿದ್ದಾನೆ. ಬುಧವಾರ ಬೆಳಿಗ್ಗೆ ಮೋಟಾರ್ ಸೈಕಲ್ ಹತ್ತಿ, ಒಂದು ತಾಸಿನ ದಾರಿ, ಹೋಗಿ ಫೋಟೋದ ಫೋಟೋ ಹೊಡೆದುಕೊಂಡು ಊಟಕ್ಕೆ ಬರುತ್ತೇನೆ ಎಂದು ನಿಮ್ಮಮ್ಮನಿಗೆ ಹೇಳಿ ಚಿಕ್ಕೋಡಿ ಬಿಟ್ಟೆ. ಊರು ದಾಟಿ ಹೊಳೆಯ ಕಡೆ ಹೊರಳಿದರೆ ಕಬ್ಬಿನ ನಡುವೆ ಈ ಒಂಟಿ ಮನೆ. ಮಧ್ಯದಲ್ಲಿ ಒಂದು ಹಳ್ಳ, ಅದರ ಮೇಲೆ ತಗ್ಗಿನ ಸೇತುವೆ. ದೂಧಗಂಗಾ ತುಂಬಿದರೆ ನೀರು ಹಳ್ಳದೊಳಗೆ ಹಿಂದಕ್ಕೆ ಒತ್ತುತ್ತದೆ. ನಾನು ದಾಟುವಾಗ ಗಾಲಿಯ ಅರ್ಧದವರೆಗೆ ನೀರಿತ್ತು, ಬುದ್ಧಿ ಇದ್ದವನು ತಿರುಗಿ ಹೋಗುತ್ತಿದ್ದ. ಅರ್ಧ ತಾಸಿನಲ್ಲಿ ಹೊರಗೆ ಬಂದು ನೋಡಿದರೆ ಸೇತುವೆಯ ಗೂಟಗಳೂ ಕಾಣುತ್ತಿರಲಿಲ್ಲ. ಅಂದಿನಿಂದ ಸುತ್ತಲೂ ಕೆಂಪು ನೀರು, ನಡುವೆ ದಿಬ್ಬದ ಮೇಲೆ ಈ ಮನೆ, ಮೂರು ಎಮ್ಮೆ, ಇಬ್ಬರು ಹೆಂಗಸರು, ನಾನು.

ಇಪ್ಪತ್ತೈದು ವರ್ಷ ಈ ಮನೆಯ ದಾರಿ ತಪ್ಪಿಸಿಕೊಂಡು ತಿರುಗಿದವನು ನಾನು. ನಿಪ್ಪಾಣಿಯಲ್ಲಿ ಕೆಲಸವಿದ್ದರೂ ಈ ಕಡೆಯ ರಸ್ತೆ ಹಿಡಿಯುತ್ತಿರಲಿಲ್ಲ. ಸುತ್ತು ಹಾಕಿ ಯಾಕೆ ಹೋಗುತ್ತೀರಿ ಎಂದು ನಿಮ್ಮಮ್ಮ ಕೇಳಿದಾಗಲೆಲ್ಲ ಈ ರಸ್ತೆಯಲ್ಲಿ ತಗ್ಗು ಬಹಳ ಎಂದು ಹೇಳಿದ್ದೇನೆ. ನಿನಗೂ ನಾನು ಹೇಳಿದ್ದು ಅಷ್ಟೇ: ಕಾಡಸಿದ್ದ ನನ್ನ ಗೆಳೆಯ, ಹೈಸ್ಕೂಲಿನಿಂದ ನಾವಿಬ್ಬರೂ ಒಂದೇ ಖೋಖೋ ತಂಡ, ಒಂದೇ ಭರತಿಯಲ್ಲಿ ಪಲ್ಟಣ ಸೇರಿದವರು, ಹಿಮದ ಪೋಸ್ಟಿನಲ್ಲಿ ತೀರಿಕೊಂಡ. ಉಳಿದದ್ದನ್ನು ನೀನು ನನ್ನ ಭಾಷಣದಲ್ಲಿ ಕೇಳಿದ್ದೀ.

ಆ ಭಾಷಣದ ಬಗ್ಗೆ ಬರೆಯಬೇಕು. ರಿಟೈರ್ ಆಗಿ ಬಂದ ವರ್ಷ ಶಾಂತಿನಾಥ ಸೈನ್ಯ ಸೇರಲು ತರಬೇತಿ ಕೊಡುವ ತನ್ನ ಭರತಿ ಅಕಾಡೆಮಿಯ ಹುಡುಗರಿಗೆ ನಾಲ್ಕು ಮಾತು ಹೇಳಿ ಎಂದ. ಹೇಳಲು ಏನೂ ತೋಚದೆ ಖೋಖೋ ಆಟದ ಕತೆ ಹೇಳಿದೆ. ಸಾಲಿನಲ್ಲಿ ಸುಮ್ಮನೆ ಕೂತವನೂ ಆಡುತ್ತಲೇ ಇರುತ್ತಾನೆ, ಓಡಿಯೇ ತೋರಿಸಬೇಕೆನ್ನುವವನು ತಂಡವನ್ನು ಕೆಡಿಸುತ್ತಾನೆ, ಯಾವ ಗಳಿಗೆಯಲ್ಲಿ ಯಾರನ್ನು ಎಬ್ಬಿಸಬೇಕು ಎಂದು ತಿಳಿದವನೇ ಮುಂದಾಳು, ಎಂದೆಲ್ಲ. ಕೊನೆಗೆ ಕಾಡಸಿದ್ದನ ಪ್ರಸಂಗ. ಹಿಮದಲ್ಲಿ ಟೆಲಿಫೋನಿನ ತಂತಿ ಹರಿದಿತ್ತು, ನಮ್ಮ ತುಕಡಿಯಲ್ಲಿ ಯಾರ ಕಾಲು ಚುರುಕಾಗಿದೆ ಎಂದು ನಾನು ಅಳೆದು ನೋಡಿದೆ, ಅವನಿಗೆ ಖೋ ಕೊಟ್ಟೆ, ಅವನು ಮಿಂಚಿನ ಹಾಗೆ ಎದ್ದ, ತಂತಿ ಜೋಡಿಸಿ ಪ್ರಾಣ ಕೊಟ್ಟ. ಹುಡುಗರು ಎದ್ದು ನಿಂತು ಚಪ್ಪಾಳೆ ಹೊಡೆದರು. ಅಲ್ಲಿಂದ ಮುಂದೆ ನನ್ನನ್ನು ಯಾರೂ ಬಿಡಲಿಲ್ಲ. ಅಥಣಿಯ ಕಾಲೇಜು, ರಾಯಬಾಗದ ಶಾಲೆ, ಕಾಗವಾಡದ ಯುವಕ ಸಂಘ, ಪ್ರತಿ ಆಗಸ್ಟು, ಪ್ರತಿ ಜನವರಿ. ಶಾಲು ಹೊದಿಸಿ ಹೊದಿಸಿ ನಿಮ್ಮಮ್ಮನಿಗೆ ಸಾಕಾಗಿ ಈಗ ಹೊಲಿಗೆ ಯಂತ್ರಕ್ಕೂ ಒಂದು ಹೊದಿಸಿದ್ದಾಳೆ. ಶಾಂತಿನಾಥ ಬಸ್ ಸ್ಟ್ಯಾಂಡಿನ ಎದುರು ನನ್ನ ಮುಖದ ಬ್ಯಾನರ್ ಕಟ್ಟಿಸಿದ. ನೀನು ವಿಡಿಯೋ ಮಾಡಿ ಮೊಬೈಲಿಗೆ ಬಿಟ್ಟೆ, ಈಗ ಕಂಪನಿಯಲ್ಲಿ ‘ಆಟ ಆಡಿದ ಯೋಧರಿಂದ ಮುಂದಾಳುತನದ ಪಾಠ’ ಎಂದು ಪೋಸ್ಟರನ್ನೂ ಮಾಡಿಸಿದ್ದೀ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಮಗಾ. ಆದರೆ ಪ್ರತಿ ಸಲ ವೇದಿಕೆ ಹತ್ತುವಾಗ ಬಾಗಿಲು ಇಲ್ಲದ ಕೋಣೆಯೊಳಗೆ ಹೋದ ಹಾಗಾಗುತ್ತಿತ್ತು. ಮೈಕು ಕೈಗೆ ಬಂದರೆ ಅದೇ ಮಾತು, ಅದೇ ಜಾಗದಲ್ಲಿ ಅದೇ ಮೌನ, ಅದೇ ಚಪ್ಪಾಳೆ. ಎಷ್ಟು ಸಲ ಹೇಳಿದ್ದೆನೆಂದರೆ ಅದು ಬಿಟ್ಟು ಬೇರೆ ಹೇಳಲು ನನಗೆ ಬಾಯಿ ಇರಲಿಲ್ಲ.

ಕಾಡಸಿದ್ದನ ತಾಯಿ ಮಲಕವ್ವ ಇನ್ನೂ ಇದ್ದಾಳೆ. ಎಂಬತ್ತು ದಾಟಿದೆ, ಕಣ್ಣು ಹೆಚ್ಚುಕಡಿಮೆ ಹೋಗಿವೆ, ಕಿವಿ ಮಾತ್ರ ನಿನ್ನದಕ್ಕಿಂತ ಚುರುಕು. ಬಾಗಿಲಲ್ಲಿ ನಾನು ಕೆಮ್ಮಿದ್ದಷ್ಟೇ, “ರಾಜಾರಾಮ ಏನೋ ಅಂವಾ?” ಅಂದಳು. ಹೈಸ್ಕೂಲಿನಲ್ಲಿದ್ದಾಗ ಆಟ ಮುಗಿಸಿ ಈ ಮನೆಗೇ ಬರುತ್ತಿದ್ದೆವು, ಒಲೆಯ ಮುಂದೆ ಕೂತು ಬಿಸಿ ರೊಟ್ಟಿ ತಿನ್ನುತ್ತಿದ್ದೆವು. “ಇಷ್ಟ ವರ್ಷ ನನ್ನ ರೊಟ್ಟಿ ನೆನಪಾಗ್ಲಿಲ್ಲ ನಿನಗ?” ಎಂದು ಕೇಳಿದಳು. ಕೆಲಸ, ಅವ್ವಾ, ಬಿಡುವಿರಲಿಲ್ಲ ಎಂದೆ. ಸೊಸೆ ಶೇವಂತಾ ತಂಬಿಗೆಯಲ್ಲಿ ನೀರು ತಂದಿಟ್ಟು, “ಬರ್ರಿ ಅಣ್ಣಾರ” ಎಂದು ಹೇಳಿ ಒಳಗೆ ಹೋದಳು. ಅವಳ ಮುಖವನ್ನು ನಾನು ಸರಿಯಾಗಿ ನೋಡಲಿಲ್ಲ. ಗಂಡ ಸತ್ತಾಗ ಅವಳಿಗೆ ಇಪ್ಪತ್ತೆರಡು, ಮಕ್ಕಳಿರಲಿಲ್ಲ. ತವರಿನವರು ಎರಡು ಸಲ ಕರೆಯಲು ಬಂದರಂತೆ, ಅವಳು ಹೋಗಲಿಲ್ಲ. ನಾನು ಫೋಟೋದ ವಿಷಯ ತೆಗೆದೆ. ಅವಳು ಎಮ್ಮೆಗಳನ್ನು ಮೇಲಿನ ಗೋದಲಿಗೆ ಕಟ್ಟಬೇಕು, ನೀರು ಏರುತ್ತಿದೆ, ಒಂದು ಕೈ ಹಿಡಿಯಿರಿ ಎಂದಳು.

ಗುರುವಾರ ಮಧ್ಯಾಹ್ನ ಮಾಡಲು ಏನೂ ಕೆಲಸವಿರಲಿಲ್ಲ. ಮಲಕವ್ವ ಶೇವಂತಾಳನ್ನು ಕರೆದು, ಆ ಪತ್ರ ತಾ, ಇವತ್ತು ರಾಜಾರಾಮ ಓದಲಿ ಎಂದಳು. “ಗಂಡಸಿನ ದನಿಯಾಗ ಕೇಳಿ ಭಾಳ ದಿನಾ ಆತು” ಅಂದಳು. ಶೇವಂತಾ ಟ್ರಂಕಿನಿಂದ ಒಂದು ನೀಲಿ ಇನ್‌ಲ್ಯಾಂಡ್ ಪತ್ರ ತೆಗೆದು ನನ್ನ ಕೈಯಲ್ಲಿಟ್ಟಳು. ಮಡಿಕೆಗಳ ಗುಂಟ ಹರಿದು, ಹಿಂದೆ ಟೇಪು ಹಚ್ಚಿತ್ತು. ಅದನ್ನು ನೋಡಿದ ಕೂಡಲೇ ಗುರುತು ಹಿಡಿದೆ. ಕಾಡಸಿದ್ದ ಸತ್ತ ಮರುದಿನ ಒಲೆಯ ಬದಿಗೆ ಬಿದ್ದಿತ್ತು, ಅಂಟಿಸಿ ವಿಳಾಸ ಬರೆದು ಇಟ್ಟಿದ್ದ. ಕೆಳಗೆ ಇಳಿಯುವ ಪಾರ್ಟಿಯ ಟಪಾಲು ಚೀಲದಲ್ಲಿ ಹಾಕಿದವನು ನಾನೇ. ಒಳಗೆ ಏನಿದೆ ಎಂದು ನನಗೆ ಆಗ ಗೊತ್ತಿರಲಿಲ್ಲ.

ಓದತೊಡಗಿದೆ. ಎಮ್ಮೆ ಈಯಿತೋ ಇಲ್ಲವೋ ಎಂದು ಕೇಳಿದ್ದ, ಅವ್ವ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳಬೇಕು ಎಂದಿದ್ದ, ಶೇವಂತಾಳಿಗೆ ಮಾರ್ಚಿನಲ್ಲಿ ರಜೆ ಸಿಗುತ್ತದೆ ಎಂದು ಹೇಳು ಎಂದು ಬರೆದಿದ್ದ. ಆಮೇಲೆ ಬಂತು ಆ ಸಾಲು. ಅವನ ಅಕ್ಷರದಲ್ಲೇ ಇದೆ, ನಾನು ಹಾಗೆಯೇ ಇಳಿಸುತ್ತೇನೆ: “ಇವತ್ತ ತಂತಿಗೆ ಹೋಗೂ ಪಾಳಿ ರಾಜಾರಾಮಂದು ಐತಿ, ನಂದು ನಾಳೆ, ಅದಕ್ಕ ಒಲಿ ಮುಂದ ಆರಾಮ ಕುಂತ ಬರ್ಯಾಕತ್ತೀನಿ.” ಮೇಲೆ ತಾರೀಖು, ಜನವರಿ ಹದಿನಾಲ್ಕು. ಅವನು ಸತ್ತದ್ದೂ ಅದೇ ದಿನ. ನಾನು ಆ ಸಾಲನ್ನು ದಾಟಿ ಕೆಳಗಿನ ಸಾಲಿಗೆ ಹೋದೆ. ದನಿ ಕೂಡ ನಡುಗಲಿಲ್ಲ ನೋಡು, ಅಷ್ಟು ಪಳಗಿದ್ದೆ. ಮಲಕವ್ವ ತಲೆಯಾಡಿಸುತ್ತ ಕೇಳಿದಳು. ಮುಗಿದ ಮೇಲೆ ಪತ್ರವನ್ನು ಇಸಿದುಕೊಂಡು ಎದೆಗೆ ಒತ್ತಿ, ಸೊಸೆಗೆ ಕೊಟ್ಟಳು.

ಸಂಜೆ ಗೋದಲಿಯಲ್ಲಿ ಮೇವು ಹಾಕುವಾಗ ಶೇವಂತಾ ನನ್ನ ಕಡೆ ತಿರುಗದೆಯೇ, “ಒಂದ ಸಾಲು ಬಿಟ್ರಿ ಅಣ್ಣಾರ” ಅಂದಳು. “ನಾನೂ ಬಿಟ್ಟಽ ಓದ್ತೀನ್ರಿ. ಇಪ್ಪತ್ತೈದ ವರ್ಷ ಆತು, ತಿಂಗಳಿಗೊಮ್ಮೆ ಓದಸ್ತಾರ ಅತ್ತಿ. ಮಗನ ಸಾವಿನ ಮ್ಯಾಲ ಇನ್ನೊಬ್ಬರ ಹೆಸರ ಯಾಕ ಹೊರಸೂದು ಅಂತ ಬಿಡಾಕತ್ತೀನಿ. ಆದ್ರ ನಿಮ್ಮ ಭಾಷಣಾ ಮೊಬೈಲಿನ್ಯಾಗ ಕೇಳೀನ್ರಿ. ನೀವು ಅಳದ ನೋಡಿ ಅವರನ್ನ ಕಳಿಸಿದ್ರಿ ಅಂತ ಜನಾ ಚಪ್ಪಾಳಿ ಹೊಡಿತಾರ.” ಕೊಡದಲ್ಲಿದ್ದ ನೀರನ್ನು ತೊಟ್ಟಿಗೆ ಸುರಿದು, “ಆ ಮಾತಿನ ಹಿಂದ ಅವರ ಫೋಟೋ ಬ್ಯಾಡ್ರಿ” ಎಂದು ಹೇಳಿ ಒಳಗೆ ಹೋದಳು. ನನಗೆ ಅಲ್ಲಿಂದ ಓಡಿಹೋಗಬೇಕೆನಿಸಿತು. ನಿಜವಾಗಿ ಓಡಿದೆ ಕೂಡ. ಕಬ್ಬಿನ ಸಾಲಿನಲ್ಲಿ ನೀರಿನೊಳಗೆ ತೊಡೆಯವರೆಗೆ ಹೋದೆ, ಸೆಳೆತ ಕಾಲು ಎಳೆಯಿತು, ತಿರುಗಿ ಬಂದೆ. ಐವತ್ತನಾಲ್ಕು ವರ್ಷದ ಸುಬೇದಾರ ಒದ್ದೆ ಪ್ಯಾಂಟಿನಲ್ಲಿ ಎಮ್ಮೆಗಳ ನಡುವೆ ನಿಂತಿದ್ದನ್ನು ನೀನು ನೋಡಬೇಕಿತ್ತು. ನಿನ್ನ ಪೋಸ್ಟರಿಗೆ ಅದೇ ಸರಿಯಾದ ಫೋಟೋ.

ಆ ದಿನ ಏನಾಯಿತು ಎಂದು ಈಗ ಹೇಳುತ್ತೇನೆ, ಒಂದೇ ಉಸಿರಿನಲ್ಲಿ ಓದಿಬಿಡು. ನಾನು ಹವಾಲ್ದಾರ, ತುಕಡಿಯ ಪಾಳಿ ಚೀಟಿ ಬರೆಯುವವನೂ ನಾನೇ. ತಂತಿ ಹರಿದರೆ ಒಬ್ಬ ಹೋಗಿ ಜೋಡಿಸಬೇಕು, ಒಬ್ಬ ಫೋನಿನ ಹತ್ತಿರ ಕೂರಬೇಕು. ಬೆಳಿಗ್ಗೆ ಬಂದ ಟಪಾಲಿನಲ್ಲಿ ನಿಮ್ಮಮ್ಮನ ಪತ್ರವಿತ್ತು. ನೀನು ಹುಟ್ಟಿ ಹದಿನೆಂಟು ದಿನ ಆಗಿತ್ತು, ನಿನ್ನ ಅಂಗಾಲಿಗೆ ಕುಂಕುಮ ಹಚ್ಚಿ ಕಾಗದದ ಮೇಲೆ ಒತ್ತಿ ಕಳಿಸಿದ್ದಳು. ಮಧ್ಯಾಹ್ನ ಫೋನು ಸತ್ತಿತು. ಪಾಳಿ ನನ್ನದು. ನನಗೆ ಜ್ವರವಿರಲಿಲ್ಲ, ಕಾಲು ಉಳುಕಿರಲಿಲ್ಲ. ನಾನು ಮಲಗುವ ಚೀಲದೊಳಗೆ ಎದೆಯವರೆಗೆ ಹೊಕ್ಕು ಆ ಕೆಂಪು ಹೆಜ್ಜೆಯನ್ನು ನೋಡುತ್ತಿದ್ದೆ, ಹೊರಗೆ ಹೋಗಲು ಮನಸ್ಸು ಬರಲಿಲ್ಲ, ಅಷ್ಟೇ. ನಮ್ಮಿಬ್ಬರಲ್ಲಿ ಹೈಸ್ಕೂಲಿನಿಂದ ಒಂದು ಚಾಷ್ಟಿ, ತಮಾಷೆಯ ರೂಢಿ, ಇತ್ತು. ಯಾವ ಕೆಲಸವನ್ನಾದರೂ ಇನ್ನೊಬ್ಬನ ಮೇಲೆ ಹಾಕಬೇಕಾದರೆ ಬೆನ್ನು ತಟ್ಟಿ ಖೋ ಅನ್ನುವುದು. ಖೋ ಬಿದ್ದವನು ಏಳಲೇಬೇಕು, ಬೇರೆ ಮಾತಿಲ್ಲ. ನೀರು ತರುವುದಕ್ಕೆ ಖೋ, ಪಾತ್ರೆ ತಿಕ್ಕುವುದಕ್ಕೆ ಖೋ. ಅವತ್ತು ನಾನು ಚೀಲದಿಂದ ಕೈಯನ್ನೂ ಹೊರಗೆ ತೆಗೆಯಲಿಲ್ಲ. ಕೂತಲ್ಲಿಂದಲೇ “ಖೋ ಕಾಡ್ಯಾ” ಎಂದು ಕೂಗಿದೆ. ಅವನು ಒಲೆಯ ಮುಂದೆ ಪತ್ರ ಅಂಟಿಸುತ್ತಿದ್ದ. “ಮುಟ್ಟಲಿಲ್ಲ, ಫೌಲ್ ಐತಲೇ” ಎಂದು ನಕ್ಕ. ನಕ್ಕು, ಎದ್ದ. ಬೂಟು ಕಟ್ಟಿಕೊಂಡು ಹೋಗುವಾಗ, “ನನ್ನ ಜಾಗಾ ಬೆಚ್ಚಗ ಇಡಲೇ” ಅಂದ. ಅವನು ಹೋದ ಮೇಲೆ ಫೋನಿನ ಹತ್ತಿರ ಕೂರಬೇಕಾದದ್ದು ನನ್ನ ಕೆಲಸ, ಒಲೆಯೂ ಅಲ್ಲೇ, ಹೀಗಾಗಿ ನಾನು ಅವನ ಜಾಗದಲ್ಲಿಯೇ ಹೋಗಿ ಕೂತೆ. ಬೆಚ್ಚಗಿತ್ತು. ಅರ್ಧ ತಾಸಿಗೆ ಫೋನು ಬಾರಿಸಿತು, “ತಂತಿ ಜೋಡಿಸೀನಿ, ಬಂದೆ” ಎಂದ. ಅಲ್ಲಿಂದ ಪೋಸ್ಟಿಗೆ ಇನ್ನೂರು ಹೆಜ್ಜೆ. ಆ ಇನ್ನೂರು ಹೆಜ್ಜೆಯಲ್ಲಿ ಹಿಮ ಜಾರಿತು.

ಸಾಹೇಬರು ವಿಚಾರಿಸಿದಾಗ, ಅವನೇ ನಾನು ಹೋಗುತ್ತೇನೆ ಎಂದು ಎದ್ದ ಎಂದೆ. ಪಾಳಿ ಚೀಟಿಯನ್ನು ಒಲೆಗೆ ಹಾಕಿದ್ದೆ. ಆ ಮಾತು ಮೊದಲು ಹೆದರಿಕೆಗೆ ಹೇಳಿದ್ದು, ಆಮೇಲೆ ರೂಢಿಯಾಯಿತು, ಅಕಾಡೆಮಿಗೆ ಬಂದ ಮೇಲೆ ಪಾಠವಾಯಿತು. ನಾನು ಅಳೆದು ನೋಡಿ ಖೋ ಕೊಟ್ಟೆ ಎಂಬುದು ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ, ಒಂದು ದಿನ ಬಾಯಿಂದ ಬಂದುಬಿಟ್ಟಿತು. ಜನರಿಗೆ ಹಿಡಿಸಿತು. ನೀಲೂ, ಇದರಲ್ಲಿ ನಿನ್ನ ಹೆಸರು ಬರುತ್ತದೆ ಎಂದು ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹದಿನೆಂಟು ದಿನದ ಕೂಸು ಯಾರನ್ನೂ ಎಲ್ಲಿಗೂ ಕಳಿಸುವುದಿಲ್ಲ. ಇದು ಪೂರ್ತಿ ನನ್ನದು. ಆ ಕುಂಕುಮದ ಹೆಜ್ಜೆ ಎಲ್ಲಿ ಎಂದು ನಿಮ್ಮಮ್ಮ ಎಷ್ಟೋ ಸಲ ಕೇಳಿದ್ದಾಳೆ, ಕಳೆದುಹೋಯಿತು ಎಂದಿದ್ದೇನೆ. ಕಳೆದಿಲ್ಲ, ನನ್ನ ಮಿಲಿಟರಿ ಪೆಟ್ಟಿಗೆಯ ತಳದಲ್ಲಿದೆ. ನೋಡಲು ಧೈರ್ಯವಿಲ್ಲ, ಎಸೆಯಲು ಮನಸ್ಸಿಲ್ಲ.

ಶುಕ್ರವಾರ ಇಪ್ಪತ್ತಾರು. ಚಿಕ್ಕೋಡಿಯಲ್ಲಿ ವಿಜಯ ದಿವಸದ ಸಭೆ, ವೇದಿಕೆಯ ಮೇಲೆ ನನ್ನ ಕುರ್ಚಿ ಖಾಲಿ ಇದ್ದಿರಬೇಕು, ಶಾಂತಿನಾಥ ಕೈ ಹಿಸುಕಿಕೊಂಡಿರಬೇಕು. ಐದು ವರ್ಷದಲ್ಲಿ ಮೊದಲ ಸಲ ಆ ದಿನ ಯಾರೂ ನನಗೆ ಚಪ್ಪಾಳೆ ಹೊಡೆಯಲಿಲ್ಲ. ಮಲಕವ್ವನ ಪಕ್ಕದಲ್ಲಿ ಕೂತು ಶೇಂಗಾ ಸುಲಿದೆ. ಅವಳು ಮಗನ ಚಿಕ್ಕಂದಿನ ಕತೆ ಹೇಳುತ್ತಲೇ ಇದ್ದಳು, ನಡುನಡುವೆ “ನಿನಗೂ ಗೊತ್ತಲ್ಲ” ಎಂದು ನನ್ನನ್ನೂ ಸೇರಿಸಿಕೊಳ್ಳುತ್ತಿದ್ದಳು. ಒಂದು ಮನೆಯಲ್ಲಿ ಹೀಗೆ ಸಿಕ್ಕಿಕೊಂಡರೆ ಮನುಷ್ಯ ಎಲ್ಲಿ ನೋಡಬೇಕು ಹೇಳು. ಎದುರು ಗೋಡೆಯ ಮೇಲೆ ಅವನ ಫೋಟೋ, ಒಲೆಯ ಹತ್ತಿರ ಅವನ ಹೆಂಡತಿ, ಪಕ್ಕದಲ್ಲಿ ಅವನ ತಾಯಿ, ಹೊರಗೆ ನೀರು. ಶೇವಂತಾ ನನಗೆ ಬಿರುಸು ಮಾತು ಒಂದೂ ಆಡಲಿಲ್ಲ, ತಾಟಿಗೆ ತುಪ್ಪವನ್ನೂ ಹಾಕಿದಳು. ತವರಿಗೆ ಯಾಕೆ ಹೋಗಲಿಲ್ಲ ತಂಗಿ ಎಂದು ಒಮ್ಮೆ ಕೇಳಿದೆ. “ಅತ್ತಿಗೆ ಪತ್ರಾ ಯಾರ ಓದ್ತಿದ್ರು?” ಎಂದಳು. ಬೇರೆಯವರು ಓದಿದ್ದರೆ ಆ ಸಾಲನ್ನೂ ಓದುತ್ತಿದ್ದರಲ್ಲ. ನನ್ನ ಹೆಸರನ್ನು ಮುಚ್ಚಿಡಲು ಒಬ್ಬ ಹೆಂಗಸು ಇಪ್ಪತ್ತೈದು ವರ್ಷ ಈ ದಿಬ್ಬದ ಮೇಲೆ ಕೂತಿದ್ದಾಳೆ, ನಾನು ಊರೂರು ತಿರುಗಿ ಶಾಲು ಹೊದಿಸಿಕೊಂಡಿದ್ದೇನೆ. ಅವಳು ಅದನ್ನು ನನಗಾಗಿ ಮಾಡಲಿಲ್ಲ, ಅತ್ತೆಗಾಗಿ ಮಾಡಿದಳು, ಆದರೂ ಅನುಭವಿಸಿದವನು ನಾನು.

ನಿನ್ನೆ ಶನಿವಾರ ಬೆಳಿಗ್ಗೆ ಚಹಾ ಆದ ಮೇಲೆ ನಾನೇ, ಅವ್ವಾ, ಪತ್ರ ಇನ್ನೊಮ್ಮೆ ಓದುತ್ತೇನೆ, ಮೊನ್ನೆ ಸರಿಯಾಗಿ ಓದಲಿಲ್ಲ ಎಂದೆ. ಶೇವಂತಾ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ಓದಿದೆ. ಎಮ್ಮೆ, ಎಣ್ಣೆ, ಮಾರ್ಚಿನ ರಜೆ. ಆ ಸಾಲಿಗೆ ಬಂದಾಗ ಎರಡು ಸಲ ತೊದಲಿದೆ, ಮೂರನೆಯ ಸಲಕ್ಕೆ ಪೂರ್ತಿ ಓದಿದೆ. ಮಲಕವ್ವ ತಲೆಯಾಡಿಸುವುದು ನಿಂತಿತು. “ಪಾಳಿ ನಿಂದಿತ್ತು?” ಅಂದಳು. ಹೌದು ಅವ್ವಾ ಎಂದೆ. “ಮತ್ತ ಅಂವ ಯಾಕ ಹ್ವಾದ?” ಎಂದಳು. ಹೇಳಿದೆ. ಮಲಗುವ ಚೀಲ, ಕೆಂಪು ಹೆಜ್ಜೆ, ಮುಟ್ಟದೆ ಕೂಗಿದ ಖೋ, ಸುಟ್ಟ ಚೀಟಿ, ಯಾವುದನ್ನೂ ಬಿಡಲಿಲ್ಲ. ಅತ್ತೆ ಎನ್ನುತ್ತ ಶೇವಂತಾ ಎದ್ದು ಬಂದಳು, ಮುದುಕಿ ಅವಳ ಕೈಯನ್ನು ಸರಿಸಿದಳು. ಪತ್ರವನ್ನು ನನ್ನಿಂದ ಇಸಿದುಕೊಂಡು, ಬೆರಳಿನಿಂದ ಆ ಹಾಳೆಯ ಮೇಲೆ ಅಲ್ಲಿ ಇಲ್ಲಿ ತಡವಿದಳು, ಎಲ್ಲಿದೆ ಆ ಸಾಲು ಎಂದು ಹುಡುಕಿದ ಹಾಗೆ. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆಗಿನಿಂದ ನನ್ನ ಜೊತೆ ಮಾತಾಡಿಲ್ಲ. ಇವತ್ತು ಬೆಳಿಗ್ಗೆಯೂ ಇಲ್ಲ. ನಾನು ಅಂಗಳದ ಕಟ್ಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ನೀರು ರಾತ್ರಿಯಿಂದ ಎರಡು ಗೇಣು ಇಳಿದಿದೆ. ಇಳಿದರೂ ನನ್ನ ಕಾಲು ಇಲ್ಲಿಂದ ಏಳುವುದಿಲ್ಲ. ಅವಳು ಬೈದರೆ ಬೈಸಿಕೊಳ್ಳಬಹುದು, ಹೋಗು ಅಂದರೆ ಹೋಗಬಹುದು. ಏನೂ ಅನ್ನದವಳ ಅಂಗಳದಿಂದ ಹೇಗೆ ಹೋಗುವುದು?

ನಿನ್ನ ಕಂಪನಿಯ ವಿಷಯ. ಮಾತು ಕೊಟ್ಟಿದ್ದೀ, ನಿನಗೆ ಮುಜುಗರವಾಗುತ್ತದೆ, ಅದಕ್ಕೆ ನನ್ನನ್ನು ಎಷ್ಟು ಬೈದರೂ ತಪ್ಪಿಲ್ಲ. ಆದರೆ ಆ ಭಾಷಣವನ್ನು ನಾನು ಮತ್ತೆ ಮಾಡುವುದಿಲ್ಲ, ಪುಣೆಯಲ್ಲಿಯೂ ಇಲ್ಲ, ಶಾಂತಿನಾಥನ ಅಕಾಡೆಮಿಯಲ್ಲಿಯೂ ಇಲ್ಲ. ಬ್ಯಾನರನ್ನು ನಾನೇ ಹೋಗಿ ಇಳಿಸುತ್ತೇನೆ. ನಿನ್ನ ಸಾಹೇಬರಿಗೆ ಆಟದಿಂದ ಏನಾದರೂ ಕಲಿಯುವುದೇ ಇದ್ದರೆ ನಾನು ಇಷ್ಟು ವರ್ಷ ವೇದಿಕೆಯ ಮೇಲೆ ಹೇಳದೆ ಬಿಟ್ಟ ನಿಯಮಗಳನ್ನು ಹೇಳು. ಹತ್ತಿರ ಹೋಗಿ ಬೆನ್ನು ಮುಟ್ಟದೆ ಖೋ ಕೊಡಬಾರದು. ಕೊಟ್ಟವನು ಎದ್ದವನ ಜಾಗದಲ್ಲಿ ಕೂರಬೇಕು, ಒಲೆಯ ಮುಂದಿನ ಜಾಗದಲ್ಲಲ್ಲ, ಅವನು ನಿಜವಾಗಿ ಬಿಟ್ಟುಹೋದ ಜಾಗದಲ್ಲಿ. ಫೌಲ್ ಆದರೆ ಅಂಪೈರ್ ಸೀಟಿ ಊದುತ್ತಾನೆ, ಓಡುತ್ತಿದ್ದವನು ಅಲ್ಲೇ ನಿಂತು ಬಂದ ದಿಕ್ಕಿಗೇ ತಿರುಗಬೇಕು. ನನ್ನ ಸೀಟಿ ಊದುವವರು ಯಾರೂ ಇರಲಿಲ್ಲ, ನಾನು ಓಡುತ್ತಲೇ ಇದ್ದೆ. ಇದನ್ನೆಲ್ಲ ಕೇಳಿಯೂ ಅವರು ನನ್ನನ್ನು ಕರೆದರೆ ಬರುತ್ತೇನೆ, ಆದರೆ ಆ ಸಾಲನ್ನು ಓದಿಯೇ ಮಾತಾಡುತ್ತೇನೆ. ಫೋಟೋ ಮಾತ್ರ ಕೇಳಬೇಡ, ಅದನ್ನು ಕೊಡುವುದು ಬಿಡುವುದು ಶೇವಂತಾಳ ಇಷ್ಟ.

ನಿಮ್ಮಮ್ಮನಿಗೆ ಇದನ್ನು ನಾನೇ ಎದುರಿಗೆ ಕೂತು ಹೇಳುತ್ತೇನೆ, ನೀನು ಮೊದಲೇ ಹೇಳಬೇಡ. ಅವಳು ಹೊಲಿಗೆ ಯಂತ್ರದ ಮೇಲಿನ ಶಾಲನ್ನು ಎತ್ತಿ ನನ್ನ ಮುಖಕ್ಕೆ ಎಸೆದರೆ ಎಸೆಯಲಿ. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ಕೆಮ್ಮು ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸು, ಮಳೆಯಲ್ಲಿ ಸ್ಕೂಟಿ ಓಡಿಸಬೇಡ. ನನ್ನ ಬಗ್ಗೆ ನಿನಗೆ ಇದ್ದ ಹೆಮ್ಮೆ ಹೋಯಿತೇನೋ, ಹೋದರೆ ಹೋಗಲಿ, ನೀನು ನೂರು ವರ್ಷ ಬಾಳಬೇಕು, ಯಾರ ಮುಂದೆಯೂ ತಲೆ ತಗ್ಗಿಸದೆ ಬಾಳಬೇಕು, ಇಷ್ಟೇ ನನ್ನ ಆಶೀರ್ವಾದ.

ನಿನ್ನ ಪಪ್ಪಾ,
ರಾಜಾರಾಮ

ತಾ.ಕ.: ಕರೆಂಟಿನ ಲೈನ್‌ಮನ್ ಲಖನ ದೋಣಿಯಲ್ಲಿ ಬಂದಿದ್ದಾನೆ, ಕಂಬ ನೋಡಿ ಈಗಲೇ ತಿರುಗಿ ಹೊರಟ, ಪತ್ರವನ್ನು ನಿಪ್ಪಾಣಿಯಲ್ಲಿ ಹಾಕುತ್ತೇನೆ, ನಿಮ್ಮಮ್ಮನಿಗೆ ಫೋನೂ ಹಚ್ಚುತ್ತೇನೆ ಎಂದು ಅವಸರ ಮಾಡುತ್ತಿದ್ದಾನೆ. ನಾನು ಇದನ್ನು ಮಡಚುತ್ತಿರುವಾಗ ಮಲಕವ್ವ ಗೋಡೆ ಹಿಡಿದುಕೊಂಡು ಕಟ್ಟೆಯವರೆಗೆ ಬಂದಳು. “ಆ ಕೂಸ ಈಗ ಎಲ್ಲಿ ಐತಿ?” ಎಂದು ಕೇಳಿದಳು. ಯಾವ ಕೂಸು ಎಂದು ನನಗೆ ಒಂದು ಗಳಿಗೆ ತಿಳಿಯಲಿಲ್ಲ. ಪುಣೆಯಲ್ಲಿದ್ದಾಳೆ ಅವ್ವಾ, ಇಪ್ಪತ್ತೈದು ಆತು ಎಂದೆ. “ನನ್ನ ಮಗಾ ಬೂಟ ಕಟ್ಟಿಕೊಂಡ ಎದ್ದಾಗ ನೀ ನೋಡಾಕತ್ತಿದ್ದ ಪಾದ ಹೌದಲ್ಲ? ನಾ ಮುಟ್ಟಿ ನೋಡಬೇಕು” ಅಂದಳು. ತಡವುತ್ತ ಬಂದು ನನ್ನ ಬೆನ್ನ ಮೇಲೆ ಅಂಗೈ ಇಟ್ಟು, “ಏಳು, ಕರಕೊಂಡು ಬಾ” ಎಂದಳು. ದೋಣಿಯಲ್ಲಿ ಒಬ್ಬರಿಗೆ ಜಾಗವಿದೆ, ಈ ಪತ್ರಕ್ಕಿಂತ ಮೊದಲು ನಾನೇ ಪುಣೆ ಮುಟ್ಟಬಹುದು. ಇನ್ನು ಕೂರಲು ಆಗುವುದಿಲ್ಲ ಮಗಾ, ನನಗೆ ಖೋ ಬಿದ್ದಿದೆ.